ಕಾಲೇಜು ನೋಡಲು ಹೋಗಿ ಕಳೆ ಕಿತ್ತದ್ದು

ಕಳೆ ಕಂಡರೆ ಸುಮ್ಮನೆ ಕೂರಲು ನನ್ನಿಂದ ಆಗುವುದಿಲ್ಲ. ಇದನ್ನು ನಾನು ಗುಣ ಎನ್ನುತ್ತೇನೆ, ನನ್ನ ಹೆಂಡತಿ ಕಾಯಿಲೆ ಎನ್ನುತ್ತಾಳೆ. ಬೆಳಗೋಡಿನ ಹತ್ತಿರ ನಮಗಿರುವುದು ಮೂರೆಕರೆ ಕಾಫಿ ತೋಟ. ಅಲ್ಲಿ ಹುಲ್ಲು ತಲೆಯೆತ್ತುವ ಮೊದಲೇ ನಾನು ಬಗ್ಗಿರುತ್ತೇನೆ. ನೆಂಟರ ಮದುವೆಗೆ ಹೋದರೂ, ಊಟಕ್ಕೆ ಎಲೆ ಹಾಕುವಷ್ಟರಲ್ಲಿ ಛತ್ರದ ಅಂಗಳದ ಗರಿಕೆ ಒಂದಿಷ್ಟು ಕಿತ್ತಿರುತ್ತೇನೆ. ಇಂಥವನ ಮಗಳು ಸುಮಾ ಬಿ.ಎಸ್ಸಿ. ಮುಗಿಸಿ, ಪರಿಸರ ನಿರ್ವಹಣೆಯಲ್ಲಿ ಎರಡು ವರ್ಷದ ಎಂ.ಎಸ್ಸಿ. ಓದುತ್ತೇನೆ ಎಂದಾಗ, ಎಲ್ಲಾ ರಕ್ತಗುಣ ಎಂದು ಹಿಗ್ಗಿದೆ.

ಆಗಿನ್ನೂ ಆ ಕೋರ್ಸು ಹೊಸತು. ಎರಡು ಕಾಲೇಜು ನೋಡುವುದೆಂದಾಯಿತು. ಮೈಸೂರಿನದು ನನಗೆ ಒಂದೇ ನೋಟಕ್ಕೆ ಹಿಡಿಸಿತು. ಅಂಗಳಕ್ಕೆಲ್ಲ ಸಿಮೆಂಟು, ಬೇಕೆಂದರೂ ಒಂದು ಹುಲ್ಲುಕಡ್ಡಿ ಸಿಗದು. ಸುಮಾ ಮಾತ್ರ ಮುಖ ಊದಿಸಿಕೊಂಡು, "ಇಲ್ಲಿ ಪರಿಸರ ಎಲ್ಲೈತಪ್ಪ?" ಎಂದಳು. ಅವಳ ಮನಸ್ಸಿದ್ದದ್ದು ಘಟ್ಟದ ಕೆಳಗಿನ ಕಾಲೇಜಿನ ಮೇಲೆ. ಅಲ್ಲಿ ಸೀಟು ಕೆಲವೇ. ವಿಭಾಗದ ಮುಖ್ಯಸ್ಥೆ ಮಾತಾಡಿಸಿ ಒಪ್ಪಿದರೆ ಮಾತ್ರ ಸೇರಿಸಿಕೊಳ್ಳುತ್ತಿದ್ದರು. ದೋಣಿಗಲ್ ದಾಟಿ ಬಸ್ಸು ಘಾಟಿ ಇಳಿಯುವಾಗ ಅವಳು ದೇವರನ್ನು ನೆನೆಯುತ್ತಿದ್ದಳು. ನಾನು ರಸ್ತೆ ಬದಿಯ ಹುಲ್ಲು ನೋಡಿ ಹೊಟ್ಟೆ ಉರಿಸಿಕೊಳ್ಳುತ್ತಿದ್ದೆ.

ಅವಳು ಒಳಗೆ ಹೋದಳು, ನಾನು ಹೊರಗೆ ಕಲ್ಲುಬೆಂಚಿನ ಮೇಲೆ ಕೂತೆ. ಎದುರಿಗೇ ತಂತಿಬೇಲಿ ಹಾಕಿದ ಒಂದು ಚೌಕ. ಒಳಗೆ ಮೊಣಕಾಲುದ್ದ ಕಳೆ. ಬೇಲಿ ಕಟ್ಟಿ ಕಳೆ ಸಾಕುವ ಸೋಮಾರಿಗಳನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹತ್ತು ನಿಮಿಷ ತಡೆದುಕೊಂಡೆ, ಸತ್ಯವಾಗಿಯೂ ತಡೆದುಕೊಂಡೆ. ಆಮೇಲೆ ಪಂಚೆ ಎತ್ತಿ ಕಟ್ಟಿ ಬೇಲಿ ದಾಟಿದೆ. ನಡುನಡುವೆ ನಂಬರು ಬರೆದ ಸಣ್ಣ ಗೂಟಗಳಿದ್ದವು. ಅಡ್ಡ ಬರುತ್ತವೆಂದು ಅವನ್ನೂ ಕಿತ್ತು ಒಂದು ಕಡೆ ಒಪ್ಪವಾಗಿ ಜೋಡಿಸಿದೆ. ಮುಕ್ಕಾಲು ಗಂಟೆಯಲ್ಲಿ ಚೌಕ ಕಣದ ಹಾಗೆ ಸಾಫಾಗಿತ್ತು.

ಮುಖ್ಯಸ್ಥೆ ಸುಮಾಳ ಜೊತೆ ನಗುನಗುತ್ತ ಹೊರಬಂದರು. ಚೌಕ ಕಂಡಿದ್ದೇ ನಗು ನಿಂತಿತು. ಯಾರೂ ಕೈಯಾಡಿಸದ ನೆಲದಲ್ಲಿ ಯಾವ ಗಿಡ ಹೇಗೆ ಬೆಳೆಯುತ್ತದೆ ಎಂದು ವಿದ್ಯಾರ್ಥಿಗಳು ವರ್ಷಗಟ್ಟಲೆ ಅಳೆದು ಬರೆದಿಡುತ್ತಿದ್ದ ಜಾಗವಂತೆ ಅದು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನನ್ನ ಕೈ ಕೆಸರಾಗಿತ್ತು, ಬಾಯಿ ಒಣಗಿತ್ತು. ಸುಮಾಳ ಕಣ್ಣು ತುಂಬಿತ್ತು.

"ತಪ್ಪು ನಂದು ಕಣ್ರೀ ಮೇಡಮ್ಮೋರೆ. ಮಗೀಗೆ ಸೀಟು ತಪ್ಪಿಸ್ಬೇಡಿ. ಬೇಕಾದ್ರೆ ಎಲ್ಲಾನೂ ತಿರುಗಾ ನೆಟ್ಬುಡ್ತೀನಿ" ಎಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡು, ದಯವಿಟ್ಟು ಇನ್ನು ಏನನ್ನೂ ಮುಟ್ಟಬೇಡಿ ಎಂದು ನನಗೆ ಕೈಮುಗಿದರು. ಆಮೇಲೆ ಸುಮಾಳ ಕಡೆ ತಿರುಗಿ, "ಸೀಟು ಕೊಡ್ತೀನಮ್ಮ. ಆದರೆ ಎರಡು ವರ್ಷ ನಿನ್ನ ಅಧ್ಯಯನ ಈ ಜಾಗದ್ದೇ. ಹಾಳಾದದ್ದು ಹೇಗೆ ಚೇತರಿಸಿಕೊಳ್ಳುತ್ತೆ, ನೋಡಿ ಬರಿ" ಎಂದರು.

ಹೀಗೆ ಕಾಲೇಜಿನ ಆಯ್ಕೆ ಮುಗಿಯಿತು. ಮಗಳು ಅಲ್ಲಿ ಕೂತು ಹುಲ್ಲು ಅಳೆದಳು. ಇಲ್ಲಿ ನಾನು ಜೀವನದಲ್ಲಿ ಮೊದಲ ಬಾರಿಗೆ, ಕಳೆ ಚೆನ್ನಾಗಿ ಬರಲಿ ಎಂದು ದೇವರಿಗೆ ಹಣ್ಣುಕಾಯಿ ಮಾಡಿಸಿದೆ. ಎರಡು ವರ್ಷ ಕಳೆದು ಅವಳ ದಪ್ಪ ವರದಿ ಮನೆಗೆ ಬಂತು. ನೆಲದ ಹಸಿರನ್ನು ಹಾಳುಮಾಡುವ ಕಾರಣಗಳನ್ನು ಅವಳು ಓದಿ ಅರ್ಥ ಹೇಳಿದಳು: ಬೆಂಕಿ, ನೆರೆ, ಕಾಡುಹಂದಿ, ಆಮೇಲೆ ನಾನು. ನನ್ನ ಹೆಸರು ಹಾಕಿರಲಿಲ್ಲ, 'ಹೊರಗಿನಿಂದ ಬಂದ ಒಬ್ಬ ವ್ಯಕ್ತಿ' ಎಂದಷ್ಟೇ ಇತ್ತು. ಅವಳಮ್ಮ ಪೆನ್ನು ತಂದು ಆ ಸಾಲಿನ ಪಕ್ಕ ನನ್ನ ಹೆಸರು ಬರೆದಿಟ್ಟಿದ್ದಾಳೆ.