ಬಲ್ಬಿಗೆ ತೀರ್ಥ

ನೆಂಟರ ಮದುವೆಗೆ ಬರಿಗೈಯಲ್ಲಿ ಹೋಗಬಾರದು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕ್ಯಾಮೆರಾ ಹಿಡಿದುಕೊಂಡು ಹೋಗಬಾರದು ಎಂದು ಹೇಳಿಲ್ಲ, ಏಕೆಂದರೆ ಅವರ ಕಾಲದಲ್ಲಿ ಅದು ಇರಲಿಲ್ಲ. ಇದ್ದಿದ್ದರೆ ಅದನ್ನೇ ಮೊದಲು ಹೇಳುತ್ತಿದ್ದರು. ಬರಿಗೈಯಲ್ಲಿ ಹೋದವನಿಗೆ ಊಟದ ಹೊತ್ತಿಗೆ ಒಂದು ಎಲೆಯಾದರೂ ಸಿಗುತ್ತದೆ. ಕ್ಯಾಮೆರಾ ಹಿಡಿದವನು ಮಂಟಪದ ಹತ್ತಿರ ಕಾದುಕೊಂಡೇ ನಿಂತಿರಬೇಕು. ಮೊದಲ ಪಂಕ್ತಿಗೆ ಅವನನ್ನು ಕರೆಯುವವರಿಲ್ಲ, ಕೊನೆಯ ಪಂಕ್ತಿಗೆ ಹೋದರೆ ಹೋಳಿಗೆ ಇಲ್ಲ. ಅಳಿಯನೆಂಬ ಮರ್ಯಾದೆಯಂತೂ ಕ್ಯಾಮೆರಾದ ಪಟ್ಟಿ ಕೊರಳಿಗೆ ಬಿದ್ದ ಕ್ಷಣವೇ ಹೊರಟುಹೋಗುತ್ತದೆ. "ಇಲ್ಲಿ ಬನ್ನಿ, ಅಲ್ಲಿ ನಿಲ್ಲಿ, ಅಜ್ಜಿದೊಂದು ತೆಗೀರಿ" ಎಂದು ಕಂಡವರೆಲ್ಲ ಆಳಿನಂತೆ ಓಡಿಸುತ್ತಾರೆ. ಇಷ್ಟೆಲ್ಲ ಗೊತ್ತಿದ್ದೂ ಮದರಾಸಿನಲ್ಲಿ ನಮ್ಮವರ ಒಂದು ಮದುವೆಯನ್ನೂ ನಾನು ಬಿಟ್ಟವನಲ್ಲ. ಸುಖವಾಗಿಯೇ ಇದ್ದೇನೆ. ಹುಚ್ಚು ಹಿಡಿದ ಮೇಲೆ ಹೋಳಿಗೆಯ ಚಿಂತೆ ಯಾರಿಗೆ?

ಕ್ಯಾಮೆರಾ ಮಾತ್ರ ಇದ್ದಾಗ ಈ ಹುಚ್ಚು ಹದವಾಗಿತ್ತು. ಮೆರೀನಾದ ಮರಳಿನಲ್ಲಿ ಹೆಂಡತಿಯನ್ನು ಕೂರಿಸಿ, ಸೂರ್ಯನನ್ನು ನನ್ನ ಬೆನ್ನಿಗೆ ಹಾಕಿಕೊಂಡು, ಅವಳು ಬಿಸಿಲಿಗೆ ಹುಬ್ಬು ಗಂಟಿಕ್ಕಿದ ಪಟಗಳನ್ನು ತೆಗೆಯುತ್ತಿದ್ದೆ. ಗಿಂಡಿ ಬಡಾವಣೆಯ ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ಗೆಳೆಯನಿಗೆ ಕಲ್ಕತ್ತೆಗೆ ವರ್ಗವಾಗಿ, ಅವನು ಹೋಗುವಾಗ ತನ್ನ ಫ್ಲ್ಯಾಷ್ ಗನ್ನನ್ನು ನನ್ನ ಕೈಗಿಟ್ಟು ಹೋದ. ಅಲ್ಲಿಂದ ಕಥೆ ಕೆಟ್ಟಿತು. ಈಗಿನವರ ಬ್ಯಾಟರಿ ಫ್ಲ್ಯಾಷ್ ಎಷ್ಟು ಸಲ ಒತ್ತಿದರೂ ಮಿನುಗುತ್ತದೆ. ಇದು ಹಾಗಲ್ಲ. ತಟ್ಟೆಯಂಥ ಹೊಳಪಿನ ಬಟ್ಟಲು, ಅದರ ನಡುವೆ ನಿಂಬೆಕಾಯಿ ಗಾತ್ರದ ಬಲ್ಬು. ಒತ್ತಿದರೆ ಡಬ್ ಎಂದು ಒಮ್ಮೆ ಉರಿದು ಸುಟ್ಟುಹೋಗುತ್ತದೆ. ಸುಟ್ಟ ಬಲ್ಬನ್ನು ಕರವಸ್ತ್ರದಲ್ಲಿ ಹಿಡಿದು ಕಿತ್ತು ಹೊಸದನ್ನು ಸಿಕ್ಕಿಸಬೇಕು. ಒಂದು ಪಟಕ್ಕೆ ಒಂದು ಬಲ್ಬು.

ಒಳಾಂಗಣದ ಮದುವೆಯಲ್ಲಿ ಫ್ಲ್ಯಾಷ್ ಹಾಕುವುದು ಹೇಗೆಂದು ಆ ಗೆಳೆಯ ಪುಸ್ತಕವೊಂದನ್ನೂ ಕೊಟ್ಟಿದ್ದ. ಮುಖಕ್ಕೆ ನೇರವಾಗಿ ಹೊಡೆಯಬೇಡಿ, ಬಿಳಿಯ ಚಾವಣಿಯ ಕಡೆ ತಿರುಗಿಸಿ, ಬೆಳಕು ಮೇಲೆ ತಾಗಿ ಮೃದುವಾಗಿ ಕೆಳಗಿಳಿಯುತ್ತದೆ ಎಂದು ಅದರಲ್ಲಿ ಬರೆದಿತ್ತು. ಬರೆದ ಪುಣ್ಯಾತ್ಮ ನಮ್ಮ ಛತ್ರಗಳನ್ನು ನೋಡಿದವನಲ್ಲ. ತಲೆತಲಾಂತರದ ಹೋಮದ ಹೊಗೆ ಕುಡಿದು ಅವುಗಳ ಚಾವಣಿ ದೋಸೆ ಕಾವಲಿಯ ಬಣ್ಣಕ್ಕೆ ಬಂದಿರುತ್ತದೆ. ಮೇಲೆ ಹೋದ ಬೆಳಕು ಅಲ್ಲೇ ಉಳಿಯುತ್ತದೆ. ನೇರವಾಗಿ ಹೊಡೆದರೆ ಹಿಂದಿನ ಬೆಳ್ಳಿ ಕೊಡ ಸೂರ್ಯನಾಗುತ್ತದೆ, ಕುಂಕುಮ ಕರಿಯ ಬೊಟ್ಟಾಗುತ್ತದೆ, ಹೊಗೆ ಗೋಡೆಯಾಗುತ್ತದೆ, ಪುರೋಹಿತರ ಬೋಳುತಲೆಯ ವಿಷಯ ಹೇಳದಿರುವುದೇ ಒಳ್ಳೆಯದು. ಇದೆಲ್ಲದರ ಮೇಲೆ ಮದರಾಸಿನ ಉಪ್ಪುಗಾಳಿ. ಅದಕ್ಕೆ ಬಲ್ಬಿನ ಬುಡ ಕಿಲುಬು ಹಿಡಿದು, ಒತ್ತಿದರೂ ಉರಿಯದೆ ಸುಮ್ಮನಿರುತ್ತದೆ. ಅದಕ್ಕೊಂದು ಮದ್ದು ಮೌಂಟ್ ರೋಡಿನ ಫೋಟೋಗ್ರಾಫರುಗಳಿಗೆಲ್ಲ ಗೊತ್ತು: ಸಿಕ್ಕಿಸುವ ಮೊದಲು ಬಲ್ಬಿನ ಬುಡವನ್ನು ನಾಲಗೆಗೆ ಒಮ್ಮೆ ತಾಗಿಸುವುದು. ಒದ್ದೆಯಾದರೆ ಕರೆಂಟು ಚೆನ್ನಾಗಿ ಹರಿಯುತ್ತದೆ. ನಾನೂ ಅಭ್ಯಾಸ ಮಾಡಿಕೊಂಡೆ.

ಹೀಗಿರುವಾಗ ನನ್ನ ಹೆಂಡತಿಯ ತಂಗಿ ಶಾರದೆಯ ಮದುವೆ ಬಂತು. ಮಾವನವರು ಪುರಸೈವಾಕ್ಕಂನಲ್ಲಿ ಹೋಟೆಲು ಇಟ್ಟವರು, ಉಡುಪಿ ಕಡೆಯವರು. ಅವರ ಇಡ್ಲಿಯಷ್ಟೇ ಮೆತ್ತಗಿನ ಮನುಷ್ಯ. ಹುಡುಗನ ಕಡೆಯವರು ಮೂರು ತಲೆಮಾರಿನಿಂದ ತಿರುವಲ್ಲಿಕೇಣಿಯಲ್ಲಿ ನೆಲೆಸಿದ ಮನೆತನ. ಅವರ ಕನ್ನಡಕ್ಕೆ ಒಗ್ಗರಣೆಯೆಲ್ಲ ತಮಿಳಿನದು. ಮದುವೆ ಪುರಸೈವಾಕ್ಕಂನದೇ ಒಂದು ಛತ್ರದಲ್ಲಿ. ಅವತ್ತು ಬೆಳಿಗ್ಗೆ ಹೆಂಡತಿ ನನ್ನನ್ನು ಮೂಲೆಗೆ ಕರೆದು ಹೇಳಿದಳು: "ನೋಡಿ, ನೀವು ಯಾರ ಪಟ ಬೇಕಾದರೂ ತೆಗೀರಿ, ಬಿಡಿ. ಅಂತರಪಟ ಇಳಿಯುವಾಗ ಶಾರದೆ ಮುಖ ಹೇಗೆ ಇರ್ತದೆ, ಅದು ನನಗೆ ಬೇಕು. ಅದೊಂದು ತಪ್ಪಿದರೆ ನಾನು ನಿಮ್ಮ ಹತ್ತಿರ ಮಾತಾಡುದಿಲ್ಲ." ಮದುಮಕ್ಕಳ ನಡುವೆ ಹಿಡಿದ ಬಿಳಿಯ ಬಟ್ಟೆ ಇಳಿದು, ಒಬ್ಬರ ಮುಖ ಒಬ್ಬರಿಗೆ ಕಂಡು, ತಲೆಯ ಮೇಲೆ ಜೀರಿಗೆ ಬೆಲ್ಲ ಹಾಕುವ ಆ ಗಳಿಗೆ ಅರೆಚಣದ್ದು. ಅವಳು ತಾಯಿಯಂತೆ ಎತ್ತಿ ಆಡಿಸಿದ ತಂಗಿ ಅದು. ನಾನು ಎದೆ ತಟ್ಟಿಕೊಂಡು ಭರವಸೆ ಕೊಟ್ಟೆ. ಒಂದು ಪೆಟ್ಟಿಗೆ ಬಲ್ಬು ಜತೆಗಿತ್ತು.

ಮೊದಲ ಪಟಕ್ಕೇ ವಿಘ್ನ ಬಂತು. ಬಲ್ಬನ್ನು ನಾಲಗೆಗೆ ತಾಗಿಸಿ ಸಿಕ್ಕಿಸುತ್ತಿದ್ದಂತೆ ಹಿಂದಿನಿಂದ ಅತ್ತೆಯವರ ಕೂಗು ಕೇಳಿತು. "ಅಯ್ಯೋ ರಾಮ! ನೆಕ್ಕಿದ್ದನ್ನು ದೇವರ ಎದುರು ಹಿಡಿಯುದಾ? ಎಂಜಲು ಅಲ್ವಾ ಅದು?" ಇದು ವಿಜ್ಞಾನ ಎಂದೆ. ಎಂಜಲಿನಲ್ಲಿ ವಿಜ್ಞಾನ ಬೇರೆ, ಅಜ್ಞಾನ ಬೇರೆ ಎಂಬ ಭೇದ ಅವರಲ್ಲಿರಲಿಲ್ಲ. ನನ್ನನ್ನು ಬಾವಿಕಟ್ಟೆಗೆ ಕಳಿಸಿ ಕೈ ತೊಳೆಸಿದರು. ಮಡಿಯುಟ್ಟ ಮುದುಕಿಯೊಬ್ಬರನ್ನು ನನ್ನ ಬಾಯಿಯ ಕಾವಲಿಗೆ ನಿಲ್ಲಿಸಿದರು. ಅವರು ಮಣೆಯ ಮೇಲೆ ಕೂತು ನನ್ನ ತುಟಿಯನ್ನೇ ನೋಡುತ್ತಿದ್ದರು. ನಾಲಗೆ ತಾಗದ ಬಲ್ಬುಗಳು ತಮಗೆ ಮನಸ್ಸು ಬಂದರೆ ಉರಿದವು, ಇಲ್ಲವಾದರೆ ಇಲ್ಲ. ಉರಿಯದ್ದನ್ನು ತೆಗೆದು ಉಜ್ಜಿ ಮತ್ತೆ ಹಾಕಿ ಒದ್ದಾಡುವಾಗ ಕೆಲವು ಕೈಜಾರಿ ನೆಲಕ್ಕೆ ಬಿದ್ದು ಒಡೆದವು.

ಉಳಿದವುಗಳನ್ನು ಮಾವನವರು ಖರ್ಚು ಮಾಡಿಸಿದರು. ಫ್ಲ್ಯಾಷ್ ಇರುವುದು ಪಟಕ್ಕೆ ಎಂದು ನಾನು ತಿಳಿದಿದ್ದೆ. ಅದು ಮರ್ಯಾದೆಗೆ ಎಂದು ಅವತ್ತು ಗೊತ್ತಾಯಿತು. ಬಾಗಿಲಲ್ಲಿ ಬೀಗರು ಕಂಡರೆ ಸಾಕು, ಪನ್ನೀರು ಚಿಮುಕಿಸಿ, ಗಂಧ ಕೊಟ್ಟು, ಮಾವನವರು ನನ್ನ ಕಡೆ ತಿರುಗಿ "ಇವರಿಗೊಂದು ಹಾಕಿ ಮಾರಾಯ್ರೆ" ಎನ್ನುತ್ತಿದ್ದರು. ಕಲ್ಲುಸಕ್ಕರೆ ಕೊಟ್ಟಂತೆ ನಾನು ಬೆಳಕು ಹಾಕುತ್ತಿದ್ದೆ. ಬೆಳಕು ಬಿದ್ದವರು ಕಣ್ಣು ಉಜ್ಜಿಕೊಂಡು, ಕಣ್ಣೆದುರು ಹಸಿರು ಚುಕ್ಕೆ ಕುಣಿಯುತ್ತಿದ್ದರೂ ಗಂಭೀರವಾಗಿ ನಡೆದು ಯಾರ್‍ಯಾರಿಗೋ ಡಿಕ್ಕಿ ಹೊಡೆಯುತ್ತ ಒಳಗೆ ಹೋಗುತ್ತಿದ್ದರು. ಪಟದ ಪ್ರತಿ ಕೊಡಿ ಎಂದು ಒಬ್ಬರೂ ಕೇಳಲಿಲ್ಲ. ಹತ್ತು ಜನರ ಎದುರು ಮುಖಕ್ಕೆ ಡಬ್ ಎಂದರೆ ಅವರಿಗೆ ತೃಪ್ತಿ.

ಪೆಟ್ಟಿಗೆ ಹಗುರಾದದ್ದು ಗಮನಕ್ಕೆ ಬಂದಾಗ ಬಾಗಿಲಿಗೆ ಬಂದವರು ಪದ್ಮನಾಭ ರಾಯರು, ಹುಡುಗನ ಸೋದರಮಾವ. ಜರಿ ಅಂಚಿನ ಪಂಚೆ, ಕಿವಿಯಲ್ಲಿ ಕೆಂಪು ಹರಳಿನ ಕಡುಕು, ಸರ್ಕಾರಿ ಕಚೇರಿಯಲ್ಲಿ ಹೆಡ್ ಗುಮಾಸ್ತರಾಗಿದ್ದವರ ನಡಿಗೆ. ನನಗೆ ಜಿಪುಣತನವೂ ಕಲೆಯೂ ಒಟ್ಟಿಗೇ ಹೊಳೆದವು. ಅವರನ್ನು ಕಿಟಕಿಯ ಬಳಿ ನಿಲ್ಲಿಸಿದೆ. ಬೆಳಗಿನ ಬೆಳಕು ಕೆನ್ನೆಯ ಮೇಲೆ ಬೆಣ್ಣೆಯಂತೆ ಇಳಿದಿತ್ತು. ಫ್ಲ್ಯಾಷ್ ಹಾಕದೆ ಟಿಕ್ ಎಂದು ಒಂದು ತೆಗೆದೆ. ಇಡೀ ಮದುವೆಯಲ್ಲಿ ಇದಕ್ಕಿಂತ ಒಳ್ಳೆಯ ಪಟ ಸಿಗದೆಂದು ನನಗೆ ಆಗಲೇ ಗೊತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಮಾವನವರು ಬೆವರುತ್ತ ಓಡಿ ಬಂದರು. "ಎಂತ ಮಾಡಿದಿರಿ? ಬೀಗರ ಸೋದರಮಾವ ಕಾಫಿ ಬೇಡ ಅಂತ ಕೂತಿದ್ದಾರೆ!"

ತಿರುವಲ್ಲಿಕೇಣಿಯವರು ಕಾಫಿ ಬೇಡ ಎಂದರೆ ಅದು ಯುದ್ಧಘೋಷಣೆ. ಓಡಿಹೋದೆ. ರಾಯರು ಕಂಬಕ್ಕೆ ಒರಗಿ, ಮುಖ ಗೋಡೆಗೆ ಮಾಡಿ ಕೂತಿದ್ದರು. "ಪರವಾಯಿಲ್ಲೆ, ಪರವಾಯಿಲ್ಲೆ" ಎಂದರು. "ಎಲ್ಲಾರ್ಗೂ ಪಳಪಳಾಂತ ಲೈಟ್ ಹಾಕಿದಿರಿ. ನಮ್ಮ ಡ್ರೈವರ್‌ಗೂ ಹಾಕಿದಿರಿ, ನಾನೇ ನೋಡಿದೆ. ನನ್ನ ಮಾತ್ರ ಜನ್ನಲ್ ಪಕ್ಕ ನಿಲ್ಸಿ ಟಿಕ್ ಅಂತ ಮುಗಿಸಿಬಿಟ್ಟಿರಿ. ಸೋದರಮಾವ ಅಂದ್ರೆ ಅಷ್ಟೇ ಮರ್ಯಾದೆ ಪೋಲ ಇರುಕ್ಕು, ಹಾಗೇ ಕಾಣತ್ತೆ." ಕಿಟಕಿಯ ಬೆಳಕಿನ ಮಹಿಮೆಯನ್ನು ವಿವರಿಸಲು ಹೊರಟೆ. ಅವರು ಕೈಯೆತ್ತಿ ತಡೆದರು. "ಜನ್ನಲ್ ಬೆಳಕು ನಮ್ಮ ಮನೇಲೂ ಇದೆ ಸಾರ್." ಪಕ್ಕದಲ್ಲೇ ನಿಂತಿದ್ದ ಹುಡುಗನ ತಾಯಿ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ, "ಅಣ್ಣ ಎದ್ದು ಬರದೆ ನಾವು ಹ್ಯಾಗೆ ಮಂಟಪಕ್ಕೆ ಬರೋದು?" ಎಂದರು.

ಪೆಟ್ಟಿಗೆ ತೆರೆದು ನೋಡಿದೆ. ಒಂದೇ ಒಂದು ಬಲ್ಬು ಉಳಿದಿತ್ತು. ಪುರಸೈವಾಕ್ಕಂ ಬೀದಿಯಲ್ಲಿ ಪಟ್ಟೆ ಸೀರೆಯಿಂದ ಹಿಡಿದು ಮಜ್ಜಿಗೆ ಕಡೆಯುವ ಕಡಗೋಲಿನವರೆಗೆ ಕೇಳಿದ್ದೆಲ್ಲ ಸಿಗುತ್ತದೆ, ಫ್ಲ್ಯಾಷ್ ಬಲ್ಬು ಮಾತ್ರ ಸಿಗುವುದಿಲ್ಲ. ಮೌಂಟ್ ರೋಡಿಗೆ ಹೋಗಿ ಬರುವಷ್ಟರಲ್ಲಿ ಶಾರದೆಗೆ ಮಕ್ಕಳಾಗಿರುತ್ತವೆ. ರಾಯರಿಗೆ ಹಾಕಿದರೆ ಶಾರದೆಯ ಮುಖವಿಲ್ಲ, ಹೆಂಡತಿಯ ಮಾತಿಲ್ಲ. ಶಾರದೆಗೆ ಇಟ್ಟುಕೊಂಡರೆ ಮದುವೆಯೇ ಇಲ್ಲ. ಮಾವನವರು ಶಲ್ಯದ ತುದಿಯಿಂದ ಮುಖ ಒರೆಸಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದರು. ಹೋಟೆಲಿನಲ್ಲಿ ಅಷ್ಟು ಜನಕ್ಕೆ ದಿನವೂ ಉಣಬಡಿಸಿದ ಮನುಷ್ಯ, ನನ್ನ ಒಂದು ನಿಂಬೆಕಾಯಿ ಗಾತ್ರದ ಗಾಜಿನ ಮುಂದೆ ಕೈಕಟ್ಟಿ ನಿಂತದ್ದು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಕಷ್ಟಕಾಲದಲ್ಲಿ ಒಮ್ಮೊಮ್ಮೆ ಪೆದ್ದನಿಗೂ ಬುದ್ಧಿ ಬರುತ್ತದೆ. ರಾಯರ ಮುಂದೆ ಬಗ್ಗಿ ಕಿವಿಯಲ್ಲಿ ಹೇಳಿದೆ: "ಮಾಮಾ, ನಿಮಗೆ ಬಾಗಿಲಲ್ಲಿ ಹಾಕುವ ಬೆಳಕು ಅಲ್ಲ. ನಿಮ್ಮದನ್ನು ಮುಹೂರ್ತಕ್ಕೆ ಅಂತ ಇಟ್ಟುಕೊಂಡಿದ್ದೇನೆ. ಅಂತರಪಟದ ಆಚೆ ತುದಿ ನೀವೇ ಹಿಡಿಯಬೇಕು. ಗಟ್ಟಿಮೇಳದ ಹೊತ್ತಿಗೆ ಹಾಕುತ್ತೇನೆ." ರಾಯರು ನನ್ನನ್ನು ಒಂದು ಸಲ, ಕೈಯಲ್ಲಿದ್ದ ಬಲ್ಬನ್ನು ಒಂದು ಸಲ ನೋಡಿದರು. "ಮುಹೂರ್ತಕ್ಕಾ?" ಎಂದರು. "ಮುಹೂರ್ತಕ್ಕೇ" ಎಂದೆ. ಅವರು ಎದ್ದು, ಪಂಚೆಯ ನಿರಿಗೆ ಸರಿಮಾಡಿಕೊಂಡು, ಕಾಫಿ ತರಲು ಹೇಳಿದರು.

ಈಗ ಉಳಿದದ್ದು ಒಂದೇ ಪ್ರಶ್ನೆ: ಆ ಬಲ್ಬು ಉರಿಯುತ್ತದೆಯೇ? ಬುಡ ನೋಡಿದರೆ ಹಸಿರು ಕಿಲುಬು. ನೆಕ್ಕದೆ ವಿಧಿಯಿಲ್ಲ. ಮಣೆಯ ಮೇಲಿನ ಮುದುಕಿ ರೆಪ್ಪೆ ಬಡಿಯದೆ ನನ್ನ ಬಾಯಿ ನೋಡುತ್ತಿದ್ದಾರೆ. ಮಂಗಳಾಷ್ಟಕ ಶುರುವಾಯಿತು. ಅಂತರಪಟದ ಈಚೆ ತುದಿ ಹಿಡಿದ ಕಿರಿಯ ಪುರೋಹಿತರು ಕುಳ್ಳಗಿದ್ದದ್ದು ನನ್ನ ಪುಣ್ಯ. ಅವರ ತಲೆಯ ಮೇಲಿಂದ ಎಲ್ಲವೂ ಕಾಣುತ್ತಿತ್ತು. ಆಚೆ ತುದಿಯಲ್ಲಿ ರಾಯರು, ನನಗೆ ಎದುರಾಗಿ. ಬೇರೆ ದಾರಿ ಕಾಣದೆ, ಮಂತ್ರ ಹೇಳುತ್ತಿದ್ದ ಹಿರಿಯ ಪುರೋಹಿತರ ಮುಂದೆ ಬಲ್ಬಿನ ಬುಡ ಮೇಲೆ ಮಾಡಿ ಕೈಚಾಚಿದೆ. "ಸ್ವಾಮೀ, ಒಂದು ಉದ್ಧರಣೆ ತೀರ್ಥ." ಅವರು ಶ್ಲೋಕದ ನಡುವೆಯೇ ಹುಬ್ಬೇರಿಸಿದರು. "ಯಾರಿಗೆ, ಇದಕ್ಕಾ?" ಎಂದರು. ಹೌದೆಂದು ತಲೆಯಾಡಿಸಿದೆ. "ಎಂತದ್ದೋ! ಹೊತ್ತಾಯ್ತು, ಹಿಡೀರಿ" ಎಂದು ಒಂದು ಚಮಚ ತೀರ್ಥವನ್ನು ಬಲ್ಬಿಗೆ ಬಿಟ್ಟು ಮುಂದಿನ ಚರಣಕ್ಕೆ ಹೋದರು. ಕಾವಲಿನ ಮುದುಕಿ ಕೂತಲ್ಲಿಂದಲೇ ಬಲ್ಬಿಗೆ ಕೈ ಮುಗಿದರು.

ಗಟ್ಟಿಮೇಳ ಮೊಳಗಿತು. ಬಟ್ಟೆ ಇಳಿಯತೊಡಗಿತು. ಶಾರದೆ ಕಣ್ಣೆತ್ತಿದಳು. ಒತ್ತಿದೆ. ಡಬ್!

ಪಟ ತೊಳೆದು ಬಂದ ದಿನ ನನಗೇ ನಂಬಿಕೆಯಾಗಲಿಲ್ಲ. ಬೆಳಕು ಅರ್ಧ ಇಳಿದ ಬಿಳಿಯ ಅಂತರಪಟಕ್ಕೆ ತಾಗಿ ಎರಡೂ ಕಡೆಗೆ ಚೆಲ್ಲಿತ್ತು. ಪುಸ್ತಕದವನು ಚಾವಣಿಯಲ್ಲಿ ಹುಡುಕಿದ ಮೃದುವಾದ ಬೆಳಕು ಇಲ್ಲಿ ಬಟ್ಟೆಯಲ್ಲಿ ಸಿಕ್ಕಿತ್ತು. ಒಂದು ಬದಿಗೆ ಹುಡುಗ, ಒಂದು ಬದಿಗೆ ಶಾರದೆ, ಇಬ್ಬರ ನಡುವೆ ಪೂರ್ಣಚಂದ್ರನಂತೆ ಪದ್ಮನಾಭ ರಾಯರು, ಕ್ಯಾಮೆರಾವನ್ನೇ ನೋಡುತ್ತ, ಮದುವೆ ತಮ್ಮದೇ ಎಂಬಂತೆ ನಗುತ್ತ. ತಿರುವಲ್ಲಿಕೇಣಿಯ ಅವರ ಮನೆಯಲ್ಲಿ ಆ ಪಟಕ್ಕೆ ದೊಡ್ಡ ಚೌಕಟ್ಟು ಹಾಕಿಸಿದರಂತೆ. ಬಂದವರು ಮೊದಲು ಅವರಿಗೇ ಶುಭ ಹಾರೈಸುತ್ತಾರಂತೆ. ಇರಲಿ. ಶಾರದೆಯ ಮುಖವೂ ಬಂದಿತ್ತು. ತುಟಿ ಸ್ವಲ್ಪ ತೆರೆದು, ಅಳುವೋ ನಗುವೋ ಎಂದು ತಿಳಿಯದ, ಆ ಗಳಿಗೆಯ ಹುಡುಗಿಯ ಮುಖ.

ಹೆಂಡತಿ ಅದನ್ನು ಕಿಟಕಿಯ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನಗೆ ಇಡೀ ಮದರಾಸು ಗೆದ್ದಷ್ಟು ಸಂತೋಷವಾಯಿತು. ನಮ್ಮ ಮದುವೆ ಆದದ್ದು ಊರಿನಲ್ಲಿ, ಹಗಲು ಹೊತ್ತಿನಲ್ಲಿ, ಅಂಗಳದ ಚಪ್ಪರದ ಕೆಳಗೆ. ಫೋಟೋ ತೆಗೆಯುವವರು ಯಾರೂ ಇರಲಿಲ್ಲ. ಅದು ನೆನಪಾಗಿ ಮನಸ್ಸು ಮೆತ್ತಗಾಯಿತು. "ಅಂತರಪಟ ಇಳಿದಾಗ ನೀನೂ ಹೀಗೇ ಕಂಡಿದ್ದೆ. ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ" ಎಂದೆ.

ಅವಳು ಪಟದಿಂದ ತಲೆಯೆತ್ತಲಿಲ್ಲ. "ಸುಳ್ಳು ಹೇಳಬೇಡಿ" ಎಂದಳು. "ನೀವು ಕಣ್ಣು ಗಟ್ಟಿ ಮುಚ್ಚಿಕೊಂಡಿದ್ದಿರಿ. ಜೀರಿಗೆ ಬೆಲ್ಲ ನನ್ನ ತಲೆಗೆ ಹಾಕುದು ಬಿಟ್ಟು ಪುರೋಹಿತರ ತಲೆಗೆ ಹಾಕಿದ್ದು ಯಾರು?"