ಖಡ್ಗದ ಹುಡುಗನೂ ನನ್ನ ಮೈದುನನೂ

ನನ್ನ ಮೈದುನನಿಗೆ ತಲೆ ಕೆಟ್ಟಿಲ್ಲ. ಕೆಟ್ಟಿದ್ದರೆ ಕಾಸರಗೋಡಿನಲ್ಲಿ ಡಾಕ್ಟರಿದ್ದಾರೆ, ತೋರಿಸಬಹುದಿತ್ತು! ಇದು ಮದ್ದಿಲ್ಲದ ಕೇಸು.

ಪಕ್ಕದ ಮನೆಯಲ್ಲೇ ಇರುವ, ಅರುವತ್ತರ ಹತ್ತಿರದ ಮನುಷ್ಯ. ಗಲ್ಫು ಬಿಟ್ಟು ಬರುವಾಗ ಬೇರೆಯವರು ಸೆಂಟು, ಕಂಬಳಿ ತಂದರೆ ಇವನು ಟಿ.ವಿ.ಗೆ ಸಿಕ್ಕಿಸುವ ಆಟದ ಪೆಟ್ಟಿಗೆ ತಂದ. ಅದರಲ್ಲಿ ಖಡ್ಗ ಹಿಡಿದ ಒಬ್ಬ ಹುಡುಗ. ವರ್ಷಗಟ್ಟಲೆಯಿಂದ ಆ ಆಟದ ಭಾಗದ ಮೇಲೆ ಭಾಗ ಬರುತ್ತಲೇ ಇದೆ. ಒಂದರಲ್ಲಿ ಅವನು ಕಡಲ ತೀರದವನು, ಇನ್ನೊಂದರಲ್ಲಿ ಕಾಡಿನವನು. ಒಮ್ಮೆ ಕೂದಲು ಕಪ್ಪು, ಒಮ್ಮೆ ಮಾಗಿದ ಬಾಳೆಹಣ್ಣಿನ ಬಣ್ಣ. ನನ್ನ ಮೊಮ್ಮಕ್ಕಳೇ ಆಡಿ, ಬೇಸರ ಬಂದು ಬಿಟ್ಟರು. ಇವನಿಗೆ ಮಾತ್ರ ಅವೆಲ್ಲ ಸೇರಿ ಒಂದೇ ಕಥೆಯಾಗಬೇಕು! ಇದರಲ್ಲಿ ಸತ್ತವನು ಅದರಲ್ಲಿ ಹುಟ್ಟಿದವನ ಅಜ್ಜ ಎಂದು ತೋರಿಸಲು ಚಾವಡಿಯ ಗೋಡೆಗೆ ಚಿತ್ರ ಅಂಟಿಸಿ, ಚಿತ್ರದಿಂದ ಚಿತ್ರಕ್ಕೆ ಕೆಂಪು ನೂಲು ಎಳೆದಿದ್ದಾನೆ. ಸ್ವಂತ ಅಜ್ಜನ ಅಪ್ಪನ ಹೆಸರು ಕೇಳಿ, ಗೊತ್ತಿಲ್ಲ!

"ಯಕ್ಷಗಾನದಲ್ಲಿ ನಿನ್ನೆ ಸತ್ತ ರಕ್ಕಸ ಇವತ್ತು ಬೇರೆ ಪ್ರಸಂಗದಲ್ಲಿ ಕುಣಿಯುದಿಲ್ವಾ? ಹೇಗೆ ಬದುಕಿದೆ ಮಾರಾಯ ಅಂತ ಯಾರಾದ್ರೂ ಕೇಳ್ತಾರಾ?" ಎಂದೆ.

"ಅವ ಬಣ್ಣ ತೆಗೆದು ಚಾ ಕುಡಿಲಿಕ್ಕೆ ಹೋಗ್ತಾನೆ ಅತ್ತಿಗೆ. ಇವ ಎಲ್ಲಿಗೆ ಹೋದ, ಹೇಳಿ ನೋಡುವ?"

ಬೋವಿಕಾನ ಪೇಟೆಯಲ್ಲಿ ಶಾಲೆಯ ಮಕ್ಕಳು ಇವನನ್ನು ಕಂಡರೆ ರಸ್ತೆ ದಾಟುತ್ತಾರೆ. ನಾಯಿಗೆ ಹೆದರದ ಮಕ್ಕಳು! ಹಿಡಿದು ನಿಲ್ಲಿಸಿ, "ನಾಲ್ಕನೇ ಭಾಗದ ಕುದುರೆ ಯಾರದ್ದು?" ಎಂದು ಕೇಳುತ್ತಾನಂತೆ.

ಹೋಗಲಿ, ಗೋಡೆ ಅವನದು, ನೂಲು ಅವನದು ಎಂದು ಸುಮ್ಮನಿದ್ದೆ. ಆದರೆ ಕಳೆದ ತಿಂಗಳು ಇವನ ಒಬ್ಬಳೇ ಮಗಳನ್ನು ನೋಡಲು ನಾಯ್ಮಾರ್ಮೂಲೆ ಕಡೆಯಿಂದ ಒಬ್ಬ ಹುಡುಗ ಮನೆಯವರೊಂದಿಗೆ ಬಂದ. ತಾಯಿ ಕೆಲಸಕ್ಕೆ ಹೋಗುತ್ತಿದ್ದುದರಿಂದ ಈ ಹುಡುಗಿ ಬೆಳೆದದ್ದು ನನ್ನ ಸೆರಗು ಹಿಡಿದೇ. ಹುಡುಗ ಒಳ್ಳೆಯವನು, ಜಾತಕವೂ ಕೂಡಿತ್ತು. ಅಂಬಡೆ ತಿನ್ನುತ್ತ ಗೋಡೆ ನೋಡಿದವನು, "ಓ, ನಾನೂ ಇದು ಆಡ್ತೇನೆ ಅಂಕಲ್!" ಎಂದ. ಮೈದುನ ಕುರ್ಚಿ ಹತ್ತಿರ ಎಳೆದ.

"ಹೌದಾ! ಹಾಗಾದ್ರೆ ಐದನೇ ಭಾಗ ಮೂರರ ಮೊದಲಾ, ನಂತರವಾ?"

"ಅದೆಲ್ಲ ಎಂತಕ್ಕೆ ಅಂಕಲ್? ಒಂದೊಂದೂ ಬೇರೆ ಕಥೆ. ಆಡುವಾಗ ಖುಷಿಯಾದ್ರೆ ಸಾಕಲ್ವಾ?"

ಮುಗಿಯಿತು! ಅವರು ಗೇಟು ದಾಟುವ ಮೊದಲೇ ಇವನು, "ಈ ಸಂಬಂಧ ಬೇಡ" ಎಂದ. ಹೆಂಡತಿ ಅಡುಗೆಕೋಣೆ ಸೇರಿ ಅತ್ತಳು. ಮಗಳು ನನ್ನಲ್ಲಿಗೆ ಬಂದಳು. "ದೊಡ್ಡಮ್ಮ, ನೀವೇ ಹೇಳಿ. ನಂಗೆ ಅವರೇ ಆಗ್ಬೇಕು."

ಮರುದಿನ ಹೋಗಿ ಇವನನ್ನು ಹಿಡಿದೆ. "ಆ ಹುಡುಗನಿಗೆ ಕುಡಿತ ಉಂಟಾ?"

"ಇಲ್ಲ."

"ಬೀಡಿ?"

"ಇಲ್ಲ."

"ಮತ್ತೆ ಎಂತ ರೋಗ ನಿಂಗೆ?"

"ಆ ಹೊತ್ತಿನ ಖುಷಿ ಸಾಕು ಅನ್ನುವವನಿಗೆ ಮಗಳನ್ನು ಹೇಗೆ ಕೊಡುದು ಅತ್ತಿಗೆ?"

"ಹಾಗಾದ್ರೆ ಈ ಗೋಡೆಗೇ ಕೊಡು!"

ಅವನು ನಗಲಿಲ್ಲ. ಸಡಿಲಾಗಿದ್ದ ನೂಲೊಂದನ್ನು ಬಿಗಿ ಮಾಡುತ್ತ ಹೇಳಿದ: "ಗಲ್ಫಿನಿಂದ ನಾನು ಬರ್ತಿದ್ದದ್ದು ಎರಡು ವರ್ಷಕ್ಕೊಮ್ಮೆ. ಒಮ್ಮೆ ಬರುವಾಗ ಮಗಳದ್ದು ಅಂಬೆಗಾಲು. ಇನ್ನೊಮ್ಮೆ ನಿಮ್ಮ ಹಿಂದೆ ಅಡಗಿ, ಇವರು ಯಾರು ಅಂತ ಕೇಳಿದಳು. ಮತ್ತೊಮ್ಮೆ ಮುಂದಿನ ಹಲ್ಲೇ ಇಲ್ಲ. ಪ್ರತಿ ಸಲ ಹೊಸ ಹುಡುಗಿ, ಅತ್ತಿಗೆ. ಅಲ್ಲಿ ರೂಮಿನಲ್ಲಿ ಕೂತು ನನಗೆ ಜೋಡಿಸ್ಲಿಕ್ಕಾದದ್ದು ಇದೊಂದೇ."

ನನಗೆ ಸಿಟ್ಟು ನೆತ್ತಿಗೇರಿತು. "ಕೇಳ್ಲಿಕ್ಕೆ ಎಂತ ಧಾಡಿ? ನಾನು ಇಲ್ಲೇ ಇದ್ದೆನಲ್ಲ!" ಎಂದು ಗದರಿ, ಅಲ್ಲೇ ಕೂತು ಶುರು ಮಾಡಿದೆ. ಗೇರುಮರದಿಂದ ಹಾರಿ ಹಲ್ಲು ಮುರಿದುಕೊಂಡದ್ದು. ಆ ಹಲ್ಲನ್ನು ಅಪ್ಪನಿಗೆ ಕಳಿಸಬೇಕೆಂದು ಹಠ ಹಿಡಿದು ಊಟ ಬಿಟ್ಟದ್ದು.

"ಮತ್ತೆ?" ಎಂದ.

ಹೇಳಿದೆ.

"ಮತ್ತೆ?"

ಮನೆಯಲ್ಲಿ ನನ್ನ ಸಾರು ತಳ ಹಿಡಿಯಿತು, ಇವನು ಬಿಡಲಿಲ್ಲ. ಕೊನೆಗೆ ತಾನೇ ಫೋನು ತೆಗೆದು, ಭಾನುವಾರ ಬರಬೇಕೆಂದು ಹುಡುಗನಿಗೆ ಹೇಳಿದ.

"ಪುನಃ ಆ ಆಟದ ಸುದ್ದಿ ತೆಗೆದರೆ ಜಾಗ್ರತೆ!" ಎಂದೆ.

"ಇಲ್ಲ. ಅವ ನೋಡಿದ್ದು ಈಗಿನ ಇವಳನ್ನು ಮಾತ್ರ. ಹುಟ್ಟಿದಲ್ಲಿಂದ ಹೇಳುವ ಅಂತ." ಫೋನು ಕಿಸೆಗೆ ಹಾಕಿದ. "ನೀವು ಹತ್ತಿರ ಕೂತ್ಕೊಳ್ಳಿ ಅತ್ತಿಗೆ. ನಡುನಡುವೆ ನಂಗೆ ಗೊತ್ತಿಲ್ಲ."