ಬೇಡ ಬೇಡ ಎನ್ನುತ್ತಾ ಯುರೋಪ್ ಸುತ್ತಿದ್ದು

ದೇಶ ತಿರುಗುವವರಿಗೆ ಪಾಸ್‌ಪೋರ್ಟ್ ಕಳೆಯುತ್ತದೆ, ಪೆಟ್ಟಿಗೆ ದಾರಿ ತಪ್ಪಿ ಬೇರೆ ಊರಿಗೆ ಹೋಗುತ್ತದೆ, ಹೋಟೆಲಿನಲ್ಲಿ ಜ್ವರ ಬರುತ್ತದೆ. ಇಷ್ಟು ವರ್ಷ ತಿರುಗಿದರೂ ನನಗೆ ಇವು ಯಾವುವೂ ಆಗಿಲ್ಲ. ನನಗೆ ಆಗುವುದೆಲ್ಲ ಜೊತೆಯಲ್ಲಿ ಬರುವವರಿಂದ.

ಈ ಸಲ ಜೊತೆಗೆ ಬಂದದ್ದು ನಮ್ಮ ಕಂಪೆನಿಯ ಮಾಲೀಕರು. ಮಂಗಳೂರು ಕಡೆಯ ಬ್ಯಾರಿಗಳು, ಹಜ್ ಮುಗಿಸಿ ಬಂದವರಾದ್ದರಿಂದ ಎಲ್ಲರಿಗೂ ಹಾಜಿಯವರು. ನಾನು ಉಡುಪಿ ಕಡೆಯವಳು. ದೋಹಾದ ಓಲ್ಡ್ ಏರ್‌ಪೋರ್ಟ್ ಏರಿಯಾದಲ್ಲಿ ನಮ್ಮ ಆಫೀಸು. ಯುರೋಪಿನಿಂದ ಪಂಪು, ವಾಲ್ವು ತರಿಸಿ ಕತಾರಿನ ಮೆಸಯೀದ್‌ನ ಕಾರ್ಖಾನೆಗಳಿಗೆ ಕೊಡುವುದು ವ್ಯಾಪಾರ. ನಮಗೆ ಮಾಲು ಕೊಡುತ್ತಿದ್ದ ಹಳೆಯ ಕಂಪೆನಿ ಏಜೆನ್ಸಿಯನ್ನು ಬೇರೆಯವರಿಗೆ ಕೊಟ್ಟುಬಿಟ್ಟಿತ್ತು. ಹೊಸದೊಂದು ಸಿಗದಿದ್ದರೆ ನಾನು ನೋಡಿಕೊಳ್ಳುವ ವಿಭಾಗ ಖಲಾಸ್. ವಿಭಾಗ ಹೋದರೆ ಕೆಲಸ, ಕೆಲಸ ಹೋದರೆ ವೀಸಾ. ತಿಂಗಳುಗಟ್ಟಲೆ ಮೇಲ್ ಬರೆದು ಜರ್ಮನಿಯಲ್ಲೊಂದು, ಇಟಲಿಯಲ್ಲೊಂದು ಕಂಪೆನಿಯನ್ನು ಮಾತುಕತೆಗೆ ಒಪ್ಪಿಸಿದ್ದೆ. ಮಾಲೀಕರೇ ಎದುರು ಕೂತರೆ ಮಾತಿಗೆ ತೂಕ ಎಂದು ಹಾಜಿಯವರನ್ನು ಹೊರಡಿಸಿದ್ದೂ ನಾನೇ.

ಹಾಜಿಯವರು ಬಂಗಾರದಂಥ ಮನುಷ್ಯ. ಒಂದೇ ತೊಂದರೆ. ನಮ್ಮ ಊರಿನ ಹಳೆಯ ಕ್ರಮದವರು. ಯಾರು ಏನು ಕೊಟ್ಟರೂ ಮೊದಲು "ಬೇಡ" ಎನ್ನಬೇಕು. ಎದುರಿನವರು ಒತ್ತಾಯಿಸಬೇಕು. ಮೂರನೆಯ ಸಲಕ್ಕೆ "ನೀವು ಇಷ್ಟು ಹೇಳುವಾಗ" ಎಂದು ತೆಗೆದುಕೊಳ್ಳಬೇಕು. ದೋಹಾದಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ. ಅಲ್ಲಿ ಅರಬರೂ ಒತ್ತಾಯಿಸುತ್ತಾರೆ, ಮಲಯಾಳಿಗಳೂ ಒತ್ತಾಯಿಸುತ್ತಾರೆ.

ವಿಮಾನದ ಊಟ

ಆಮ್‌ಸ್ಟರ್‌ಡ್ಯಾಮ್ ವಿಮಾನದಲ್ಲಿ ಊಟದ ಗಾಡಿ ಬಂತು. ಗಗನಸಖಿ ನಕ್ಕು, "ನಿಮಗೆ ಊಟ, ಸರ್?" ಎಂದಳು.

"ನೋ ನೋ, ನೋ ನೀಡ್," ಎಂದರು ಹಾಜಿಯವರು ಎದೆಯ ಮೇಲೆ ಕೈಯಿಟ್ಟು.

ಅವಳು ನನ್ನ ತಟ್ಟೆ ಕೊಟ್ಟು ಮುಂದೆ ಹೋದಳು. ಹಾಜಿಯವರು ಗಾಡಿಯನ್ನೇ ನೋಡುತ್ತಿದ್ದರು. ಅದು ಮೂಲೆಯ ಪರದೆಯ ಹಿಂದೆ ಮರೆಯಾದ ಮೇಲೆ ನನ್ನ ಕಡೆ ತಿರುಗಿದರು.

"ಎಂತ ಮೇಡಂ, ಎರಡನೇ ಸಲ ಕೇಳುವ ಕ್ರಮ ಇಲ್ಲವಾ ಇವರಿಗೆ?"

"ಕರೆದು ಹೇಳುತ್ತೇನೆ, ಕೊಡುತ್ತಾರೆ."

"ಛೆ, ಕರೆದು ಕೇಳಿ ತಿನ್ನುವುದಾ?"

ನನ್ನ ತಟ್ಟೆಯ ಬಿರಿಯಾನಿಯನ್ನು ಅವರ ಕಡೆ ಸರಿಸಿದೆ. ಬೇಡ ಎಂದರು. ಮತ್ತೆ ಸರಿಸಿದೆ. ಬೇಡ ಎಂದರು. ಊರಿನವಳಲ್ಲವಾ, ಮೂರನೆಯ ಸಲವೂ ಸರಿಸಿದೆ. "ನೀವು ಇಷ್ಟು ಹೇಳುವಾಗ," ಎಂದು ಪೂರ್ತಿ ತಿಂದರು. ನಾನು ಒಂದು ತಣ್ಣನೆಯ ಬನ್ನು ಹಿಡಿದುಕೊಂಡು ಇಡೀ ಯುರೋಪನ್ನು ಮೇಲಿನಿಂದ ನೋಡಿದೆ.

ಕಾಲುವೆ ದರ್ಶನ

ಆಮ್‌ಸ್ಟರ್‌ಡ್ಯಾಮಿನಲ್ಲಿ ಜರ್ಮನಿಯ ರೈಲಿಗೆ ಎರಡು ಮೂರು ಗಂಟೆ ಬಾಕಿ ಇತ್ತು. ಕಾಲುವೆಗಳಲ್ಲಿ ದೋಣಿಯಲ್ಲಿ ಸುತ್ತಿಸುತ್ತಾರೆ, ನಾನು ಮೊದಲೇ ನೋಡಿದ್ದೆ. ಹಾಜಿಯವರಿಗೆ ತೋರಿಸೋಣ ಎಂದು ಸಾಲಿನಲ್ಲಿ ನಿಂತೆವು. ನಮ್ಮ ಸರದಿ ಬರುವ ಹೊತ್ತಿಗೆ ಹಿಂದೆ ಕೋಲೂರಿಕೊಂಡ ಒಬ್ಬ ಅಜ್ಜಿ. ಹಾಜಿಯವರು ಬದಿಗೆ ಸರಿದು, "ನೀವು ಮೊದಲು," ಎಂದರು.

ಊರಿನಲ್ಲಾದರೆ ಆ ಅಜ್ಜಿ "ಇಲ್ಲಪ್ಪಾ, ನೀನೇ ಹೋಗು" ಎನ್ನುತ್ತಿದ್ದಳು. ಇವಳು "ಥ್ಯಾಂಕ್ಯೂ" ಎಂದು ದೋಣಿ ಹತ್ತಿದಳು. ಹತ್ತಿ ತಿರುಗಿ ಕೈ ಬೀಸಿದಳು. ಅವಳ ಜೊತೆ ಪ್ರವಾಸ ಬಂದ ಬಸ್ಸಿನವರೆಲ್ಲ ಅವಳ ಹಿಂದೆ ಬಂದರು. ಹಾಜಿಯವರು ಬಾಗಿಲ ಪಕ್ಕ ನಿಂತು ಒಬ್ಬೊಬ್ಬರಿಗೂ ತಲೆಬಾಗಿ ದಾರಿ ಬಿಟ್ಟರು. ಕೊನೆಯ ಇಬ್ಬರು ಅವರನ್ನು ದೋಣಿಯ ಕೆಲಸದವರೆಂದು ತಿಳಿದು ಟಿಕೆಟ್ ಹರಿದು ಕೊಡಲು ಕೈಗಿಟ್ಟರು.

ದೋಣಿ ತುಂಬಿ ಹೊರಟಿತು. ಮುಂದಿನದಕ್ಕೆ ಕಾದರೆ ರೈಲು ತಪ್ಪುತ್ತಿತ್ತು. ನಾವು ಸೇತುವೆಯ ಮೇಲೆ ನಿಂತು ನೀರು ನೋಡಿದೆವು.

"ಇರಲಿ ಮೇಡಂ," ಎಂದು ಹಾಜಿಯವರು ನನ್ನನ್ನೇ ಸಮಾಧಾನಪಡಿಸಿದರು. "ದೋಣಿ ನಮ್ಮ ದೋಹಾದ ಕಡಲ ಬದಿಯ ಕೊರ್ನಿಶ್‌ನಲ್ಲೂ ಉಂಟಲ್ಲ."

ಜರ್ಮನಿಯಲ್ಲಿ ಸತ್ಯವಂತರು

ಜರ್ಮನಿಯ ಕಂಪೆನಿಯ ಮ್ಯಾನೇಜರು ಇಸ್ತ್ರಿ ಹಾಕಿದ ಹಾಗೆ ಕೂತಿದ್ದರು. ಕಾರ್ಖಾನೆ ತೋರಿಸಿದರು. ನಾನು ಮೆಸಯೀದ್‌ನಲ್ಲಿ ನಮಗಿರುವ ಗಿರಾಕಿಗಳ ಬಗ್ಗೆ ವಿವರಿಸಿದೆ. ಅವರಿಗೆ ಇಷ್ಟವಾಯಿತು, ಮುಖದಲ್ಲೇ ಗೊತ್ತಾಗುತ್ತಿತ್ತು. ಕೊನೆಗೆ ಹಾಜಿಯವರ ಕಡೆ ತಿರುಗಿ, "ಹಾಗಾದರೆ ಕತಾರಿನ ಏಜೆನ್ಸಿ ನಿಮಗೆ ಬೇಕೇ?" ಎಂದು ಕೇಳಿದರು.

ಹಾಜಿಯವರ ಕೈ ಎದೆಗೆ ಹೋಯಿತು.

"ನೋ ನೋ. ನಾವು ಸಣ್ಣವರು. ನಿಮಗೆ ದೊಡ್ಡ ದೊಡ್ಡ ಕಂಪೆನಿ ಸಿಗುತ್ತವೆ."

ಮ್ಯಾನೇಜರು ಲ್ಯಾಪ್‌ಟಾಪ್ ಮುಚ್ಚಿದರು. "ಇಷ್ಟು ಪ್ರಾಮಾಣಿಕವಾಗಿ ಹೇಳಿದವರನ್ನು ನಾನು ನೋಡಿಲ್ಲ. ಧನ್ಯವಾದ."

"ಸರ್, ಅವರು ಹೇಳಿದ್ದು ಬೇಕು ಅಂತ," ಎಂದೆ ನಾನು.

"ಬೇಡ ಎಂದರು."

"ಹೌದು. ಅಂದರೆ ಬೇಕು ಅಂತ."

ಅವರು ನನ್ನನ್ನು ನೋಡಿದರು, ಹಾಜಿಯವರನ್ನು ನೋಡಿದರು. "ಮೇಡಂ, ಮಾಲೀಕರು ಯಾರು?"

ಹಾಜಿಯವರ ಕಡೆ ಕೈ ತೋರಿಸಿ ಎದ್ದೆ. ಮನುಷ್ಯ ಒಳ್ಳೆಯವರು, ಟ್ಯಾಕ್ಸಿ ತರಿಸಿ ಕೊಟ್ಟರು. ಆ ಟ್ಯಾಕ್ಸಿಯನ್ನೂ ಹಾಜಿಯವರು ಮೊದಲು ಬೇಡ ಎಂದಿದ್ದರು. ಮಳೆಯಲ್ಲಿ ಗೇಟಿನವರೆಗೆ ಓಡಿಹೋಗಿ, ವಾಪಸು ಹೊರಟಿದ್ದ ಅದನ್ನು ನಿಲ್ಲಿಸಿದವಳು ನಾನು.

ರೈಲಿನಲ್ಲಿ ಪಾಠ

ಇಟಲಿಗೆ ಹೋಗುವ ರೈಲಿನಲ್ಲಿ ಕಿಟಕಿಯ ಹೊರಗೆ ಆಲ್ಪ್ಸ್ ಪರ್ವತ ಹೋಗುತ್ತಿತ್ತು. ನಾನು ಅದಕ್ಕೆ ಬೆನ್ನು ಹಾಕಿ ಕೂತು ಮಾಲೀಕರಿಗೆ ಹೂಂ ಎನ್ನಲು ಕಲಿಸುತ್ತಿದ್ದೆ.

"ಹಾಜಿಯವರೇ, ಉಳಿದಿರುವುದು ಇದೊಂದೇ. ನಾನು ಇಟಲಿಯವಳು ಎಂದುಕೊಳ್ಳಿ. ಏಜೆನ್ಸಿ ಬೇಕಾ?"

ಅವರು ಸೀಟಿನಲ್ಲಿ ಮಿಸುಕಾಡಿದರು. "ಆಸೆಬುರುಕರ ಹಾಗೆ ಕಾಣುವುದಿಲ್ಲವಾ ಮೇಡಂ? ಹೆಣ್ಣು ಕೇಳಲು ಬಂದವರಿಗೂ ನಾವು ಮೊದಲ ಸಲಕ್ಕೆ ಹೂಂ ಎನ್ನುವುದಿಲ್ಲ."

"ಇಲ್ಲಿ ಹೆಣ್ಣೂ ಇಲ್ಲ, ಗಂಡೂ ಇಲ್ಲ. ವಾಲ್ವು ಉಂಟು. ಬೇಕಾ?"

"ಬೇಕು," ಎಂದರು ನೆಲ ನೋಡುತ್ತ. ಕಿವಿ ಕೆಂಪಾಗಿತ್ತು. ಐದಾರು ಸಲ ಹೇಳಿಸಿದ ಮೇಲೆ ಸ್ವರ ಗಟ್ಟಿಯಾಯಿತು. ಎದುರಿನ ಸೀಟಿನ ಹೆಂಗಸಿಗೆ ಪಾಪ ಅನ್ನಿಸಿ ತನ್ನ ಚೀಲದಿಂದ ಒಂದು ಸೇಬು ತೆಗೆದು ಹಿಡಿದಳು.

"ನೋ ನೋ," ಎಂದರು ಹಾಜಿಯವರು.

ಇಟಲಿಯ ಅಮ್ಮ

ಇಟಲಿಯ ಕಂಪೆನಿ ನಡೆಸುತ್ತಿದ್ದದ್ದು ಒಬ್ಬ ವಯಸ್ಸಾದ ಹೆಂಗಸು. ಬೆರಳು ತುಂಬ ಉಂಗುರ, ಮಾತು ಬಾಯಿಗಿಂತ ಕೈಯಲ್ಲೇ ಹೆಚ್ಚು. ನಾನು ಹೇಳುವುದನ್ನೆಲ್ಲ ಕೇಳಿ ನೇರವಾಗಿ ಹಾಜಿಯವರನ್ನೇ ನೋಡಿದಳು.

"ಕತಾರ್ ನಿಮಗೆ ಕೊಡುತ್ತೇನೆ. ತೆಗೆದುಕೊಳ್ಳುತ್ತೀರಾ?"

ಹಾಜಿಯವರು ಬಾಯಿ ತೆರೆದರು. ಇಡೀ ಆಲ್ಪ್ಸ್ ದಾಟುವವರೆಗೆ ಕಲಿಸಿದ್ದೆಲ್ಲ ನೀರುಪಾಲಾಯಿತು. "ನೋ ನೋ. ನಮಗೆ ಯಾಕೆ ಅಷ್ಟೆಲ್ಲ?"

ನಾನು ಕಣ್ಣು ಮುಚ್ಚಿದೆ. ಫ್ಲ್ಯಾಟಿನಲ್ಲಿ ಯಾವ ಸಾಮಾನು ಯಾರಿಗೆ ಕೊಟ್ಟು ಊರಿಗೆ ಹೋಗುವುದು ಎಂದು ಲೆಕ್ಕ ಹಾಕಿದೆ. ಕಣ್ಣು ಬಿಟ್ಟಾಗ ಆ ಅಮ್ಮ ಜರ್ಮನಿಯವರ ಹಾಗೆ ಲ್ಯಾಪ್‌ಟಾಪ್ ಮುಚ್ಚಿರಲಿಲ್ಲ. ಕುರ್ಚಿಗೆ ಒರಗಿ, ಕಣ್ಣು ಸಣ್ಣದು ಮಾಡಿ ಹಾಜಿಯವರನ್ನು ಅಳೆಯುತ್ತಿದ್ದಳು.

"ಸರಿ. ಕತಾರ್ ಮತ್ತು ಬಹ್ರೇನ್."

ನಾನು ಮೇಜಿನ ಕೆಳಗೆ ಹಾಜಿಯವರ ಕಾಲು ಒದ್ದೆ. ಮೇಜಿನ ಕಾಲಿಗೆ ತಾಗಿತು.

"ಅಯ್ಯೋ ಬೇಡ," ಎಂದರು ಹಾಜಿಯವರು ನಿಜವಾಗಿಯೂ ನಾಚಿಕೊಂಡು.

ಅವಳು ಎದ್ದು ಕಿಟಕಿಯವರೆಗೆ ಹೋದಳು, ತಿರುಗಿ ಬಂದಳು, ತನ್ನ ಭಾಷೆಯಲ್ಲಿ ಯಾವನೋ ಸಂತನನ್ನು ಕರೆದಳು. ನನ್ನ ಕಿವಿಯ ಹತ್ತಿರ ಬಾಗಿ, "ಈ ಮನುಷ್ಯ ಕಲ್ಲು," ಎಂದಳು. ಆಮೇಲೆ ಮೇಜು ಗುದ್ದಿದಳು. "ಕತಾರ್, ಬಹ್ರೇನ್, ಒಮಾನ್. ನಿಮ್ಮವರಿಗೆ ತರಬೇತಿ ನನ್ನ ಖರ್ಚು. ಇದರ ಮೇಲೆ ಒಂದು ಮಾತಿಲ್ಲ."

ಮೂರನೆಯ ಸಲ.

ಹಾಜಿಯವರು ತಲೆಬಾಗಿದರು. "ನೀವು ಇಷ್ಟು ಹೇಳುವಾಗ."

ಸಹಿ ಆಯಿತು. ಬಾಗಿಲವರೆಗೆ ಬಂದ ಅಮ್ಮ, ಇಂಥ ವ್ಯಾಪಾರಿಯನ್ನು ತಾನು ಜನ್ಮದಲ್ಲಿ ಕಂಡಿಲ್ಲ ಎಂದಳು. ಟ್ಯಾಕ್ಸಿಯಲ್ಲಿ ನನಗೆ ಅಳುವೂ ನಗುವೂ ಒಟ್ಟಿಗೆ ಬರುತ್ತಿದ್ದವು. "ಏನು ಚೌಕಾಸಿ ಹಾಜಿಯವರೇ," ಎಂದೆ.

ಅವರ ಮುಖದಲ್ಲಿ ಗಾಬರಿ. "ಎಂತ ಚೌಕಾಸಿ? ನಾನು ಕತಾರ್ ಒಂದಕ್ಕೇ ಹೂಂ ಎನ್ನಬೇಕೆಂದಿದ್ದೆ. ಆ ಅಮ್ಮ ಬಡಿಸುತ್ತಲೇ ಹೋದರೆ ನಾನು ಏನು ಮಾಡಲಿ? ಈಗ ಒಮಾನ್ ನೋಡಿಕೊಳ್ಳುವವರು ಯಾರು?" ಎಂದು ಸ್ವಲ್ಪ ಯೋಚಿಸಿ ನನ್ನ ಕಡೆ ತಿರುಗಿದರು. "ನೀವು ಹೇಗೂ ತಿರುಗುವವರು. ಒಮಾನ್ ನೀವೇ ನೋಡಿಕೊಳ್ಳುತ್ತೀರಾ?"

"ಬೇಡ," ಎಂದೆ. ಇರುವ ಕೆಲಸವೇ ಸಾಕುಸಾಕಾಗಿತ್ತು.

"ನಿಮಗಲ್ಲದೆ ಯಾರಿಗೆ ಕೊಡಲಿ?"

"ಬೇಡ ಹಾಜಿಯವರೇ. ನಿಜವಾಗಿ ಬೇಡ."

ಅವರು ಪ್ರೀತಿಯಿಂದ ನಕ್ಕರು. "ನೋಡಿ, ನಾನು ಹೇಳುತ್ತಿದ್ದೇನೆ."

"ದೇವರಾಣೆಗೂ ಬೇಡ," ಎಂದೆ.

ಊರಿನವರಲ್ಲವಾ, ಮೂರು ಸಲ ಕೇಳಿ ಆಯಿತೆಂದು ಸಂತೋಷದಿಂದ ಫೋನ್ ತೆಗೆದು ದೋಹಾ ಆಫೀಸಿಗೆ ಹೇಳಿದರು: "ಮೇಡಂಗೆ ಮಸ್ಕತ್ ಟಿಕೆಟ್ ಮಾಡಿಸಿ. ಒಪ್ಪಿದ್ದಾರೆ."